ಕುಳಿತವರನ್ನು ಎಬ್ಬಿಸಿದ ಆಟದ ಪೆಟ್ಟಿಗೆ

2006ನೆಯ ಇಸವಿಯ ನವೆಂಬರ್ 19ರಂದು ಅಮೆರಿಕದ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದ ಒಂದು ಚಿಕ್ಕ ಬಿಳಿಯ ಪೆಟ್ಟಿಗೆಯು, ಅದುವರೆಗೆ ಟೆಲಿವಿಷನ್ನಿನ ಮುಂದೆ ಕುಳಿತು ಆಡುತ್ತಿದ್ದವರನ್ನು ಎದ್ದು ನಿಲ್ಲುವಂತೆ ಮಾಡಿತು. ಜಪಾನಿನ ಕ್ಯೋಟೊ ನಗರದ ನಿಂಟೆಂಡೊ ಸಂಸ್ಥೆಯು ನಿರ್ಮಿಸಿದ ಈ ವಿಡಿಯೊ ಆಟದ ಯಂತ್ರದ ಹೆಸರು ‘ವೀ’. ಇಂಗ್ಲಿಷಿನಲ್ಲಿ ‘ನಾವು’ ಎಂಬರ್ಥದ ಪದದ ಉಚ್ಚಾರವೇ ಇದರದ್ದೂ ಆಗಿದ್ದು, ಬರವಣಿಗೆಯಲ್ಲಿ ಕೊನೆಯ ಎರಡು ಅಕ್ಷರಗಳು ಅಕ್ಕಪಕ್ಕ ನಿಂತ ಇಬ್ಬರು ಮನುಷ್ಯರಂತೆ ಕಾಣಬೇಕೆಂಬುದು ನಿರ್ಮಾಪಕರ ಆಶಯವಾಗಿತ್ತು. 1889ರಲ್ಲಿ ಹೂವಿನ ಚಿತ್ರಗಳುಳ್ಳ ಇಸ್ಪೀಟು ಎಲೆಗಳನ್ನು ತಯಾರಿಸುವುದಕ್ಕಾಗಿ ಹುಟ್ಟಿಕೊಂಡ ಸಂಸ್ಥೆಯೊಂದು, ಒಂದು ಶತಮಾನಕ್ಕೂ ಮಿಕ್ಕಿ ಜನರನ್ನು ಕೂರಿಸಿ ಆಡಿಸಿದ ಮೇಲೆ, ನಿಲ್ಲಿಸಿ ಆಡಿಸಲು ಹೊರಟದ್ದು ಸೋಜಿಗದ ಸಂಗತಿಯೇ ಸರಿ.

ಆರೋಗ್ಯ ಲೇಖನಗಳಿಗೆ ಮೀಸಲಾದ ಈ ಪುಟಗಳಲ್ಲಿ ಆಟಿಕೆಯೊಂದರ ಪ್ರಸ್ತಾಪವೇಕೆಂದು ವಾಚಕರು ಹುಬ್ಬೇರಿಸಬಹುದು. ಮಧುಮೇಹ, ರಕ್ತದ ಒತ್ತಡ, ಮೊಣಕಾಲಿನ ನೋವು ಇವುಗಳ ನಡುವೆ ಇದಕ್ಕೇನು ಸ್ಥಾನ? ಆದರೆ ಈ ಮೂರನ್ನೂ ಉಲ್ಬಣಗೊಳಿಸುವ ಕಾರಣಗಳಲ್ಲಿ ಕುಳಿತಲ್ಲೇ ದಿನ ಕಳೆಯುವ ಅಭ್ಯಾಸವೂ ಒಂದೆಂಬುದನ್ನು ನಾವು ಮರೆಯಲಾಗದು. ಮಹಾನಗರಗಳಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಇಬ್ಬರು ಹೆಚ್ಚು ಕುಳಿತಿರುತ್ತಾರೆ: ಆಡಲು ಬಯಲಿಲ್ಲದ ಮಗು ಮತ್ತು ಊರಿನಿಂದ ಬಂದ ಮುದಿ ತಾಯಿ ಅಥವಾ ತಂದೆ. ಊರಿನಲ್ಲಿ ದಿನಕ್ಕೆ ಹತ್ತು ಸಲ ಅಂಗಳಕ್ಕೂ ಹಿತ್ತಲಿಗೂ ಬಾವಿಕಟ್ಟೆಗೂ ಓಡಾಡುತ್ತಿದ್ದ ತಾಯಿಗೆ ಇಲ್ಲಿ ಮೂರನೆಯ ಮಹಡಿಯ ಎರಡು ಕೋಣೆಗಳೇ ಜಗತ್ತು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ. ಇವರಿಬ್ಬರನ್ನೂ ಒಟ್ಟಿಗೆ ಎಬ್ಬಿಸಬಲ್ಲೆನೆಂದು ಒಂದು ಯಂತ್ರ ಹೇಳಿಕೊಂಡರೆ, ವೈದ್ಯನಾದವನು ಅದನ್ನು ಪರೀಕ್ಷಿಸಿ ನೋಡದೆ ಇರಲಾಗದು. ಮೇಲಾಗಿ ಲೋಕದ ವೈದ್ಯಕೀಯ ಪತ್ರಿಕೆಗಳಲ್ಲಿ ಇದರಷ್ಟು ಚರ್ಚೆಗೊಳಗಾದ ಆಟಿಕೆ ಬೇರೊಂದು ಇರಲಿಕ್ಕಿಲ್ಲ.

ಈ ಯಂತ್ರದ ಕುರಿತು ಜಗತ್ತಿಗೆ ಉಂಟಾದ ಮೊತ್ತಮೊದಲ ಭಾವನೆ ಅಪನಂಬಿಕೆಯದು. 2005ರ ಸೆಪ್ಟೆಂಬರಿನಲ್ಲಿ ಟೋಕಿಯೊದ ಆಟಗಳ ಪ್ರದರ್ಶನದಲ್ಲಿ ಸಂಸ್ಥೆಯ ಅಂದಿನ ಅಧ್ಯಕ್ಷ ಸಟೋರು ಇವಾಟಾ ಅವರು ಇದರ ಹಿಡಿಕೆಯನ್ನು ಎತ್ತಿ ತೋರಿಸಿದಾಗ, ಅದು ಮನೆಮನೆಯ ಟಿ.ವಿ. ರಿಮೋಟಿನಂತೆಯೇ ಕಂಡಿತು. ಅದುವರೆಗಿನ ಹಿಡಿಕೆಗಳಲ್ಲಿ ಎರಡೂ ಕೈಗಳ ಬೆರಳುಗಳಿಗೆ ಸಾಲದಷ್ಟು ಗುಂಡಿಗಳಿರುತ್ತಿದ್ದವು; ಅವುಗಳನ್ನು ನೋಡಿಯೇ ಹಿರಿಯರು ಹಿಂದೆ ಸರಿಯುತ್ತಿದ್ದರು. ಇದು ಒಂದೇ ಕೈಯಲ್ಲಿ ಹಿಡಿಯುವಂಥದು. ಟೆನಿಸ್ ಆಡಬೇಕಾದರೆ ಬ್ಯಾಟಿನಂತೆ ಬೀಸುವುದು, ಅಷ್ಟೆ. ವೀ ಅಂಗಡಿಗೆ ಬರುವ ಎರಡು ದಿನ ಮೊದಲು, ನವೆಂಬರ್ 17ರಂದು, ಅಮೆರಿಕದಲ್ಲಿ ಬಿಡುಗಡೆಯಾದ ಸೋನಿ ಸಂಸ್ಥೆಯ ಮೂರನೆಯ ಪ್ಲೇಸ್ಟೇಷನ್ನಿನ ಬೆಲೆ 499 ಮತ್ತು 599 ಡಾಲರು. ಅದರ ಚಿತ್ರದ ಸ್ಫುಟತೆ ಚಲನಚಿತ್ರಕ್ಕೆ ಸರಿದೊರೆಯಾದುದು. ವೀ ಯಂತ್ರದ ಬೆಲೆ 250 ಡಾಲರಿಗೆ ಒಂದು ಸೆಂಟು ಕಡಿಮೆ. ಚಿತ್ರ ಸಾಧಾರಣ ಡಿವಿಡಿಯಷ್ಟೇ ಸ್ಪಷ್ಟ. ಅದರೊಳಗಿನ ಗೊಂಬೆಮನುಷ್ಯರಿಗೆ ತೋಳುಗಳೇ ಇಲ್ಲ, ಮುಂಗೈಗಳು ಗಾಳಿಯಲ್ಲಿ ತೇಲುತ್ತವೆ. ಬಲ್ಲವರು ನಕ್ಕರು. ಆದರೆ ಕೊಳ್ಳುವವರು ಅಂಗಡಿಗಳ ಮುಂದೆ ಸಾಲುಗಟ್ಟಿದರು. ಒಂದು ವರ್ಷ ಕಳೆದರೂ ಅಮೆರಿಕದಲ್ಲಿ ಬೇಡಿಕೆಗೆ ತಕ್ಕ ಪೂರೈಕೆಯಿರಲಿಲ್ಲ. ಕೊನೆಗೆ ಒಟ್ಟು ಮಾರಾಟ 10 ಕೋಟಿ 16 ಲಕ್ಷವನ್ನು ದಾಟಿತು.

ಯಂತ್ರವು ಕೆಲಸ ಮಾಡುವ ಬಗೆಯನ್ನು ತಿಳಿದುಕೊಳ್ಳದೆ ಅದರ ಗುಣದೋಷಗಳನ್ನು ಅಳೆಯಲಾಗದು. ಹಿಡಿಕೆಯೊಳಗೆ ಉಗುರಿಗಿಂತ ಚಿಕ್ಕದಾದ ಒಂದು ಸಿಲಿಕಾನ್ ತುಣುಕಿದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸ್ಪ್ರಿಂಗುಗಳ ಮೇಲೆ ಒಂದು ಸಣ್ಣ ತೂಕ ತೂಗಾಡುತ್ತಿರುತ್ತದೆ. ಬಸ್ಸು ಥಟ್ಟನೆ ಹೊರಟಾಗ ನಿಂತ ಪ್ರಯಾಣಿಕನು ಹಿಂದಕ್ಕೆ ವಾಲುವಂತೆ, ಹಿಡಿಕೆಯನ್ನು ಬೀಸಿದಾಗ ಈ ತೂಕವೂ ವಾಲುತ್ತದೆ. ಆ ವಾಲುವಿಕೆಯು ವಿದ್ಯುತ್ತಿನ ಸಂಜ್ಞೆಯಾಗಿ ಮಾರ್ಪಟ್ಟು ಪೆಟ್ಟಿಗೆಯನ್ನು ಸೇರುತ್ತದೆ. ಮೇಲೆ-ಕೆಳಗೆ, ಎಡ-ಬಲ, ಮುಂದೆ-ಹಿಂದೆ, ಹೀಗೆ ಮೂರು ದಿಕ್ಕುಗಳ ಲೆಕ್ಕವೂ ಅದಕ್ಕೆ ಸಿಗುತ್ತದೆ. ಇದಲ್ಲದೆ ಹಿಡಿಕೆಯ ಮೂಗಿನಲ್ಲಿ ಒಂದು ಪುಟ್ಟ ಕ್ಯಾಮರಾ ಇದೆ. ಟಿ.ವಿ.ಯ ಮೇಲಿಡುವ ಪಟ್ಟಿಯ ಎರಡು ತುದಿಗಳಲ್ಲಿ ನಮ್ಮ ಕಣ್ಣಿಗೆ ಕಾಣದ ಅವಗೆಂಪು ದೀಪಗಳಿದ್ದು, ಕ್ಯಾಮರಾ ಅವುಗಳನ್ನು ನೋಡಿ ಹಿಡಿಕೆಯು ಎತ್ತ ಮುಖ ಮಾಡಿದೆಯೆಂದು ಗೊತ್ತುಮಾಡಿಕೊಳ್ಳುತ್ತದೆ. ಆ ಪಟ್ಟಿ ಕೆಟ್ಟುಹೋದ ಮನೆಗಳಲ್ಲಿ ಟಿ.ವಿ.ಯ ಎರಡು ಬದಿಗೆ ಎರಡು ಮೇಣದ ಬತ್ತಿಗಳನ್ನು ಹಚ್ಚಿಟ್ಟು ಆಡಿದವರುಂಟು. ಜ್ವಾಲೆಯಲ್ಲಿಯೂ ಅವಗೆಂಪು ಕಿರಣವಿರುವುದರಿಂದ ಯಂತ್ರಕ್ಕೆ ಭೇದ ತಿಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಒಂದು ಜೊತೆ ದೀಪದ ಕಂಬಗಳು ಸಾಕಾಗಬಹುದಿತ್ತು!

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಈ ಯಂತ್ರಕ್ಕೆ ಆಡುವ ಮನುಷ್ಯ ಕಾಣುವುದಿಲ್ಲ. ಅವನ ಕಾಲು, ಸೊಂಟ, ಬೆನ್ನು, ಹೆಗಲು ಯಾವುದೂ ಅದಕ್ಕೆ ಗೊತ್ತಿಲ್ಲ. ತನ್ನ ಹಿಡಿಕೆ ಎಷ್ಟು ರಭಸದಿಂದ ಅಲುಗಿತೆಂಬುದಷ್ಟೇ ಗೊತ್ತು. ಎಂದರೆ, ಅದು ಬಲ್ಲದ್ದು ಮನುಷ್ಯನ ಮಣಿಕಟ್ಟನ್ನು ಮಾತ್ರ. ಆರೋಗ್ಯದ ದೃಷ್ಟಿಯಿಂದ ಈ ಪೆಟ್ಟಿಗೆಯ ವಿಷಯದಲ್ಲಿ ಮುಂದೆ ನಡೆದುದೆಲ್ಲಕ್ಕೂ ಮೂಲ ಇಲ್ಲಿದೆಯೆಂದು ನನ್ನ ತಿಳಿವಳಿಕೆ.

ನಾನು ಇದನ್ನು ಮೊದಲು ಕಂಡದ್ದು 2007ರ ದೀಪಾವಳಿಯ ಸಮಯದಲ್ಲಿ, ಡೊಂಬಿವಲಿಯ ಪರಿಚಿತರೊಬ್ಬರ ಮನೆಯಲ್ಲಿ. ಅಮೆರಿಕದಲ್ಲಿದ್ದ ಮಗ ರಜೆಗೆ ಬರುವಾಗ ತಂದುಕೊಟ್ಟಿದ್ದ. ಅಲ್ಲಿಯ ವಿದ್ಯುತ್ತು 120 ವೋಲ್ಟಿನದು, ನಮ್ಮದು 230; ಆದುದರಿಂದ ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ಒಂದನ್ನು ಲ್ಯಾಮಿಂಗ್ಟನ್ ರಸ್ತೆಯಿಂದ ಕೊಂಡು ತಂದು ಜೋಡಿಸಿದ್ದರು. ಹಜಾರದ ಟೀಪಾಯಿ ಅಡಿಗೆಮನೆ ಸೇರಿತ್ತು. ಯಂತ್ರದ ಜೊತೆಯಲ್ಲಿ ಬಂದ ‘ವೀ ಸ್ಪೋರ್ಟ್ಸ್’ ಎಂಬ ತಟ್ಟೆಯಲ್ಲಿ ಟೆನಿಸ್, ಬೇಸ್‌ಬಾಲ್, ಬೋಲಿಂಗ್, ಗಾಲ್ಫ್, ಮುಷ್ಟಿಯುದ್ಧ ಎಂಬ ಐದು ಆಟಗಳು. ಅಂದು ಸಾಯಂಕಾಲ ಆ ಹಜಾರದಲ್ಲಿ ಕುಳಿತವರು ಯಾರೂ ಇರಲಿಲ್ಲ. ಯಜಮಾನರು ಟೆನಿಸಿನ ಸರ್ವ್ ಮಾಡಲು ಕೈಯೆತ್ತಿದಾಗ ಮನೆಯಾಕೆ ಓಡಿಹೋಗಿ ಫ್ಯಾನು ನಿಲ್ಲಿಸಿದರು. ಹತ್ತು ನಿಮಿಷಗಳಲ್ಲಿ ಎಲ್ಲರ ಹಣೆಯಲ್ಲೂ ಬೆವರು.

ಆ ಮನೆಯಲ್ಲಿ ಧಾರವಾಡದ ಕಡೆಯಿಂದ ಬಂದ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಬಲ ಹೆಗಲು ಹಿಡಿದುಕೊಂಡು ಕೆಲವು ತಿಂಗಳಾಗಿತ್ತು. ತಲೆ ಬಾಚಲು ಕೈ ಏಳುತ್ತಿರಲಿಲ್ಲ. ವ್ಯಾಯಾಮ ಹೇಳಿಕೊಟ್ಟರೆ ಎರಡು ದಿನ ಮಾಡಿ ಬಿಟ್ಟುಬಿಡುತ್ತಿದ್ದರು. ಮೊಮ್ಮಗನು ಅವರ ಕೈಗೆ ಹಿಡಿಕೆ ಕೊಟ್ಟು ಬೋಲಿಂಗ್ ಆಟಕ್ಕೆ ನಿಲ್ಲಿಸಿದ. ಕೈಯನ್ನು ಕೆಳಗಿಳಿಬಿಟ್ಟು ಹಿಂದಕ್ಕೂ ಮುಂದಕ್ಕೂ ತೂಗಿ, ಗುಂಡಿಯ ಮೇಲಿನ ಬೆರಳನ್ನು ಸಡಿಲಿಸಿದರೆ ಪರದೆಯ ಮೇಲೆ ಚೆಂಡು ಉರುಳುತ್ತದೆ. “ಚೆಂಡ ಎಲ್ಲೈತೋ?” ಎಂದು ಅವರು ತಮ್ಮ ಕಾಲ ಬುಡದಲ್ಲೆಲ್ಲ ಹುಡುಕಿದರು. ಕೈ ಹಿಂದಕ್ಕೆ ಹೋದಾಗಲೇ ಬೆರಳು ಸಡಿಲಿಸಿಬಿಟ್ಟದ್ದರಿಂದ ಚೆಂಡು ಪರದೆಯೊಳಗಿನ ಪ್ರೇಕ್ಷಕರ ನಡುವೆ ಬಿದ್ದು, ಆ ಗೊಂಬೆಗಳೆಲ್ಲ ಬೆಚ್ಚಿ ನೆಗೆದವು. ಅಜ್ಜಿ ನಕ್ಕ ನಗು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅನಂತರ ಅವರು ಇಪ್ಪತ್ತು ಸಲವಾದರೂ ಕೈ ತೂಗಿರಬೇಕು. ಹಿಡಿದ ಹೆಗಲಿಗೆ ನಾವು ಹೇಳಿಕೊಡುವ ಮೊದಲ ವ್ಯಾಯಾಮವೇ ಲೋಲಕದಂತೆ ಕೈಯನ್ನು ಇಳಿಬಿಟ್ಟು ತೂಗುವುದು. ನಾನು ಹೇಳಿ ಸೋತದ್ದನ್ನು ಆ ಪೆಟ್ಟಿಗೆ ಒಂದು ಮಾತೂ ಆಡದೆ ಮಾಡಿಸಿತ್ತು.

ಹದಿನೈದು ದಿನಗಳ ಬಳಿಕ ಮತ್ತೆ ಹೋದಾಗ ಟೀಪಾಯಿ ಹಜಾರಕ್ಕೆ ಮರಳಿತ್ತು. ಮೊಮ್ಮಗನು ದಿವಾನದ ಮೇಲೆ ದಿಂಬಿಗೊರಗಿ ಮಲಗಿ, ನೊಣ ಓಡಿಸುವವನಂತೆ ಮಣಿಕಟ್ಟನ್ನು ಚಿಮ್ಮಿಸುತ್ತ ಟೆನಿಸಿನಲ್ಲಿ ಗೆಲ್ಲುತ್ತಿದ್ದ. ಇಡೀ ದೇಹದಿಂದ ಬೀಸಿದರೂ ಅದೇ ಅಂಕ, ಮಣಿಕಟ್ಟಿನಿಂದ ಚಿಮ್ಮಿಸಿದರೂ ಅದೇ ಅಂಕ ಎಂಬ ಗುಟ್ಟನ್ನು ಅವನು ವಾರದೊಳಗೆ ಕಂಡುಹಿಡಿದಿದ್ದ. ಹುಡುಗನನ್ನು ದೂರುವುದು ನ್ಯಾಯವಲ್ಲ. ಕಡಿಮೆ ಶ್ರಮದಿಂದ ಹೆಚ್ಚು ಫಲ ಪಡೆಯುವುದು ಬುದ್ಧಿವಂತಿಕೆಯೆಂದು ಶಾಲೆಯಲ್ಲಿಯೂ ಮನೆಯಲ್ಲಿಯೂ ನಾವೇ ಕಲಿಸುತ್ತೇವೆ. ಆ ಗುಟ್ಟು ತಿಳಿಯದ ಅಜ್ಜಿ ಮಾತ್ರ ತಮ್ಮ ಸರದಿ ಬಂದಾಗ ನೇರವಾಗಿ ನಿಂತು ಕೈ ತೂಗುತ್ತಿದ್ದರು.

ಇದು ಒಂದು ಮನೆಯ ಮಾತಾಯಿತು. ಅಳತೆ ಮಾಡಿ ನೋಡಿದವರು ಏನೆನ್ನುತ್ತಾರೆ? ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಸಂಶೋಧಕರು 13ರಿಂದ 15 ವರ್ಷ ವಯಸ್ಸಿನ 11 ಮಂದಿ ಬಾಲಕ ಬಾಲಕಿಯರನ್ನು ಆರಿಸಿಕೊಂಡು, ಕುಳಿತು ಆಡುವ ಕಾರು ಓಟದ ಆಟವನ್ನೂ ವೀ ಯಂತ್ರದ ಬೋಲಿಂಗ್, ಟೆನಿಸ್, ಮುಷ್ಟಿಯುದ್ಧಗಳನ್ನೂ ಆಡಿಸಿ, ದೇಹವು ವ್ಯಯಿಸುವ ಶಕ್ತಿಯನ್ನು ಅಳೆದರು. 2007ರ ಡಿಸೆಂಬರಿನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ಅವರ ವರದಿಯ ಪ್ರಕಾರ, ನಿಂತು ಆಡಿದಾಗ ಕುಳಿತು ಆಡಿದುದಕ್ಕಿಂತ ಕನಿಷ್ಠ 51 ಪ್ರತಿಶತ ಹೆಚ್ಚು ಶಕ್ತಿ ವ್ಯಯವಾಗಿತ್ತು. ಕೇಳಲು ದೊಡ್ಡ ಸಂಖ್ಯೆ. ಆದರೆ ಅದೇ ವರದಿಯ ಮುಂದಿನ ಮಾತನ್ನೂ ಓದಬೇಕು: ನಿಜವಾದ ಟೆನಿಸ್ ಆಡಿದರೆ ವ್ಯಯವಾಗುವಷ್ಟು ಶಕ್ತಿ ಇದರಲ್ಲಿ ವ್ಯಯವಾಗದು, ಮಕ್ಕಳಿಗೆ ಪ್ರತಿದಿನ ಬೇಕೆಂದು ಹೇಳಲಾದ ವ್ಯಾಯಾಮದ ಲೆಕ್ಕಕ್ಕೆ ಇದು ಸೇರುವಷ್ಟು ತೀವ್ರವಲ್ಲ, ಕುಳಿತು ಆಡುವ ಹೊತ್ತನ್ನೆಲ್ಲ ನಿಂತು ಆಡಿದರೂ ವಾರದ ಒಟ್ಟು ಶಕ್ತಿವ್ಯಯ ಹೆಚ್ಚುವುದು ಸುಮಾರು 2 ಪ್ರತಿಶತ ಮಾತ್ರ. ಜಾಹೀರಾತಿಗೆ ಮೊದಲ ಸಂಖ್ಯೆ ಸಾಕು. ತಾಯಿತಂದೆಗಳಿಗೆ ಎರಡನೆಯದು ಹೆಚ್ಚು ಉಪಯುಕ್ತ.

ಪ್ರಯೋಗಶಾಲೆಯಲ್ಲಿ ಎದುರಿಗೆ ನಿಂತು ನೋಡುವವರಿರುತ್ತಾರೆ, ಆದ್ದರಿಂದ ಹುಡುಗರು ಮನಸ್ಸಿಟ್ಟು ಆಡುತ್ತಾರೆ. ಮನೆಯಲ್ಲಿ ಹೇಗೆ? ಇದನ್ನು ತಿಳಿಯಲೆಂದು ಅಮೆರಿಕದ ಹ್ಯೂಸ್ಟನ್ ನಗರದ ಸಂಶೋಧಕರು 9ರಿಂದ 12 ವರ್ಷದ ಮಕ್ಕಳಿಗೆ ವೀ ಯಂತ್ರಗಳನ್ನು ಉಚಿತವಾಗಿ ಕೊಟ್ಟು, ಅರ್ಧ ಜನರಿಗೆ ಮೈ ಆಡಿಸುವ ಆಟಗಳನ್ನೂ ಉಳಿದವರಿಗೆ ಕುಳಿತಾಡುವ ಆಟಗಳನ್ನೂ ನೀಡಿ, ಸೊಂಟಕ್ಕೆ ಚಲನೆ ಅಳೆಯುವ ಉಪಕರಣ ಕಟ್ಟಿ 13 ವಾರ ಗಮನಿಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಗುಂಪುಗಳ ಓಡಾಟದಲ್ಲಿ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಮೈ ಆಡಿಸುವ ಆಟ ಸಿಕ್ಕಿದ ಮಕ್ಕಳು ಕಡಿಮೆ ಶ್ರಮದಿಂದ ಆಡಿದರೋ, ಇಲ್ಲಿ ಆಡಿದೆವಲ್ಲ ಎಂದು ಬೇರೆ ಹೊತ್ತಿನಲ್ಲಿ ಸುಮ್ಮನೆ ಕುಳಿತರೋ, ಅಂತೂ ಲೆಕ್ಕ ಸರಿಹೋಯಿತು. ದಿವಾನದ ಮೇಲಿನ ಮೊಮ್ಮಗನು ಹ್ಯೂಸ್ಟನ್ನಿನಲ್ಲಿಯೂ ಇದ್ದನೆಂದು ನಾನು ಭಾವಿಸುತ್ತೇನೆ.

ಹಾಗಾದರೆ ಹಾನಿಯ ಮಾತೇನು? ಆಟದ ಯಂತ್ರಗಳಿಂದಾಗುವ ನೋವುಗಳಿಗೆ ವೈದ್ಯರು ಹೆಸರಿಡುತ್ತ ಬಂದದ್ದು ಹಳೆಯ ಕಥೆ. 1981ರಲ್ಲಿಯೇ ‘ಸ್ಪೇಸ್ ಇನ್ವೇಡರ್ಸ್’ ಎಂಬ ಆಟದಿಂದ ಬರುವ ಮಣಿಕಟ್ಟಿನ ನೋವು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಕಾಣಿಸಿಕೊಂಡಿತ್ತು. 1990ರಲ್ಲಿ ಅದೇ ಪತ್ರಿಕೆಯಲ್ಲಿ, ಬಿಡುವಿಲ್ಲದೆ ಐದು ಗಂಟೆ ಆಡಿ ಹೆಬ್ಬೆರಳಿನ ಸ್ನಾಯುರಜ್ಜು ಉರಿಗೊಳಿಸಿಕೊಂಡ 35 ವರ್ಷದ ಮಹಿಳೆಯೊಬ್ಬಳ ವಿವರ ಬಂದಿತು. ವೀ ಬಂದ ಮೇಲೆ, 2007ರ ಜೂನ್‌ನಲ್ಲಿ, ಸ್ಪೇನಿನ ವೈದ್ಯರೊಬ್ಬರು ಇನ್ನೊಂದು ಪ್ರಕರಣ ಬರೆದರು. 29 ವರ್ಷದ ಆರೋಗ್ಯವಂತ ಯುವವೈದ್ಯನೊಬ್ಬ ಭಾನುವಾರ ಬೆಳಿಗ್ಗೆ ಬಲ ಹೆಗಲಿನ ತೀವ್ರ ನೋವಿನಿಂದ ಎಚ್ಚರಗೊಂಡ, ಬಿದ್ದದ್ದಿಲ್ಲ, ಪೆಟ್ಟಾದದ್ದಿಲ್ಲ. ವಿಚಾರಿಸಿದರೆ, ಹೊಸದಾಗಿ ಕೊಂಡ ಯಂತ್ರದಲ್ಲಿ ಗಂಟೆಗಟ್ಟಲೆ ಟೆನಿಸ್ ಆಡಿದ್ದ. ಹೆಗಲ ಹಿಂಬದಿಯ ಸ್ನಾಯುರಜ್ಜು ಉರಿಗೊಂಡಿತ್ತು. ಒಂದು ವಾರ ನೋವಿನ ಮಾತ್ರೆ, ಆಟಕ್ಕೆ ಪೂರ್ಣ ವಿರಾಮ, ಗುಣವಾಯಿತು.

ಹೀಗೇಕಾಗುತ್ತದೆಂದರೆ, ನಿಜವಾದ ಬ್ಯಾಟಿಗೆ ತೂಕವಿದೆ, ಅಂಗಣಕ್ಕೆ ಉದ್ದಗಲವಿದೆ. ಅರ್ಧ ಗಂಟೆಯಲ್ಲಿ ಉಸಿರು ಕಟ್ಟಿ ಕಾಲು ಸೋತು ಮನುಷ್ಯ ತಾನಾಗಿಯೇ ಕುಳಿತುಬಿಡುತ್ತಾನೆ. ಹೆಗಲು ಕೆಡುವ ಮೊದಲೇ ದಣಿವು ಬಂದು ಅದನ್ನು ಕಾಯುತ್ತದೆ. ಹಜಾರದ ಟೆನಿಸಿನಲ್ಲಿ ಓಡುವುದಿಲ್ಲ, ಆದ್ದರಿಂದ ಉಸಿರು ಕಟ್ಟುವುದಿಲ್ಲ. ಹೆಗಲು ಒಂದೇ ಚಲನೆಯನ್ನು ಐನೂರು ಸಲ ಮಾಡಿದರೂ ನಿಲ್ಲಿಸೆಂದು ಹೇಳುವವರಿಲ್ಲ. ಅಷ್ಟೇ ಅಲ್ಲದೆ, ಬೀಸಿದ ಕೈಯನ್ನು ತಡೆದು ನಿಲ್ಲಿಸುವ ಕೆಲಸ ಹೆಗಲ ಹಿಂಬದಿಯ ಸ್ನಾಯುಗಳದು. ಅಂಗಣದಲ್ಲಿ ಚೆಂಡು ತಾಗಿ ಬೀಸಿನ ರಭಸ ಒಂದಿಷ್ಟು ಕುಂದುತ್ತದೆ. ಇಲ್ಲಿ ತಾಗಲು ಏನೂ ಇಲ್ಲ.

ತಾಗಲು ಏನೂ ಇಲ್ಲದಿದ್ದರೂ ತಾಗಬಾರದ್ದು ಬೇಕಾದಷ್ಟಿತ್ತು. ಯಂತ್ರ ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ ಬೆವರಿದ ಕೈಗಳಿಂದ ಜಾರಿದ ಹಿಡಿಕೆಗಳು ಟಿ.ವಿ.ಗಳನ್ನೂ ಕಿಟಕಿಗಳನ್ನೂ ಒಡೆದ ಸುದ್ದಿಗಳು ಬಂದವು. ಹಿಡಿಕೆಯನ್ನು ಮಣಿಕಟ್ಟಿಗೆ ಕಟ್ಟುವ ದಾರವೇ ಹರಿಯುತ್ತಿತ್ತು. 2006ರ ಡಿಸೆಂಬರಿನಲ್ಲಿಯೇ ಸಂಸ್ಥೆಯು ಸುಮಾರು 32 ಲಕ್ಷ ದಾರಗಳನ್ನು ಬದಲಾಯಿಸಿಕೊಡುವುದಾಗಿ ಘೋಷಿಸಿ, 0.6 ಮಿಲಿಮೀಟರಿದ್ದ ಅದರ ದಪ್ಪವನ್ನು 1 ಮಿಲಿಮೀಟರಿಗೆ ಏರಿಸಿತು. ಮರುವರ್ಷ ಹಿಡಿಕೆಗೆ ಮೆತ್ತನೆಯ ರಬ್ಬರಿನಂಥ ಕವಚವೂ ಬಂದಿತು.

ಇದಕ್ಕಿಂತ ಘೋರವಾದ ಪ್ರಸಂಗವೊಂದನ್ನು, ಅದು ಆಟದಿಂದಾದುದಲ್ಲವಾದರೂ, ಹೇಳದೆ ಬಿಡಲಾಗದು. ಏಕೆಂದರೆ ಅದರ ವೈದ್ಯಕೀಯ ಪಾಠ ನಮ್ಮಲ್ಲಿ ಎಷ್ಟೋ ಜನರಿಗೆ ತಿಳಿದಿಲ್ಲ. ಯಂತ್ರ ಸಿಗದೆ ಜನ ಪರದಾಡುತ್ತಿದ್ದ 2007ರ ಜನವರಿಯಲ್ಲಿ, ಅಮೆರಿಕದ ಸ್ಯಾಕ್ರಮೆಂಟೊ ನಗರದ ಬಾನುಲಿ ಕೇಂದ್ರವೊಂದು, ಮೂತ್ರಕ್ಕೆ ಹೋಗದೆ ಎಲ್ಲರಿಗಿಂತ ಹೆಚ್ಚು ನೀರು ಕುಡಿದವರಿಗೆ ಒಂದು ವೀ ಯಂತ್ರದ ಬಹುಮಾನವೆಂದು ಸ್ಪರ್ಧೆ ಏರ್ಪಡಿಸಿತು. ತನ್ನ ಮಕ್ಕಳಿಗಾಗಿ ಅದನ್ನು ಗೆಲ್ಲಬೇಕೆಂದು ಹೋದ ತಾಯಿಯೊಬ್ಬಳು ತಲೆನೋವೆಂದು ಮನೆಗೆ ಮರಳಿ ಅದೇ ದಿನ ಮರಣ ಹೊಂದಿದಳು. ಅಲ್ಪಕಾಲದಲ್ಲಿ ಅತಿಯಾಗಿ ಕುಡಿದ ನೀರನ್ನು ಮೂತ್ರಪಿಂಡಗಳು ಹೊರಹಾಕಲಾರವು. ರಕ್ತದಲ್ಲಿನ ಸೋಡಿಯಂ ಲವಣ ತೆಳುವಾಗುತ್ತದೆ. ನೀರು ಜೀವಕೋಶಗಳೊಳಗೆ ನುಗ್ಗಿ ಅವು ಉಬ್ಬುತ್ತವೆ. ಬೇರೆ ಅಂಗಗಳು ಉಬ್ಬಿದರೆ ಸೈರಿಸಬಹುದು. ತಲೆಬುರುಡೆಯೊಳಗೆ ಬಂದಿಯಾದ ಮೆದುಳಿಗೆ ಉಬ್ಬಲು ಜಾಗವಿಲ್ಲ. 2009ರಲ್ಲಿ ನ್ಯಾಯಮಂಡಲಿಯು ಆ ಕುಟುಂಬಕ್ಕೆ 1 ಕೋಟಿ 65 ಲಕ್ಷ ಡಾಲರು ಪರಿಹಾರ ವಿಧಿಸಿತು. ಬರಿಯ ನೀರು ವಿಷವಾದೀತೇ ಎಂದು ಕೇಳುವವರಿದ್ದಾರೆ. ಪಂದ್ಯ ಕಟ್ಟಿ ಕುಡಿದರೆ ಆದೀತು.

ಮತ್ತೆ ಯಂತ್ರಕ್ಕೆ ಬರೋಣ. ಮಣಿಕಟ್ಟನ್ನು ಮಾತ್ರ ಬಲ್ಲ ಕೊರತೆ ನಿರ್ಮಾಪಕರಿಗೂ ತಿಳಿಯದಿರಲಿಲ್ಲ. 2007ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ವೀ ಫಿಟ್’ ಎಂಬ ವ್ಯಾಯಾಮದ ಆಟದ ಜೊತೆಗೆ ಒಂದು ಹಲಗೆ ಬಂದಿತು, ನಮ್ಮ ಸ್ನಾನದ ಮಣೆಯನ್ನು ನೆನಪಿಗೆ ತರುವಂಥದು. ಅದರ ನಾಲ್ಕು ಮೂಲೆಗಳಲ್ಲಿ ಭಾರ ಅಳೆಯುವ ನಾಲ್ಕು ಉಪಕರಣಗಳಿದ್ದು, ಅದರ ಮೇಲೆ ನಿಂತವರ ಮೈಭಾರ ಎಡಕ್ಕೆ ವಾಲಿದೆಯೋ ಬಲಕ್ಕೋ, ಹಿಮ್ಮಡಿಯ ಮೇಲಿದೆಯೋ ಉಂಗುಟದ ಮೇಲೋ ಎಂಬುದನ್ನು ಪರದೆಯ ಮೇಲೆ ಚುಕ್ಕೆಯಾಗಿ ತೋರಿಸುತ್ತದೆ. ಈಗ ಯಂತ್ರಕ್ಕೆ ಪಾದಗಳೂ ತಿಳಿದವು. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಇದು. ದೇಹದ ಸಮತೋಲವನ್ನು ಅಳೆಯಲು ಪ್ರಯೋಗಶಾಲೆಗಳಲ್ಲಿ ಬಳಸುವ ವೇದಿಕೆಗೆ ಸಾವಿರಾರು ಡಾಲರು ಬೇಕು. 2010ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಈ ಅಗ್ಗದ ಹಲಗೆಯನ್ನು ಅಂಥ ವೇದಿಕೆಯೊಡನೆ ಹೋಲಿಸಿ, ನಿಂತವರ ಸಮತೋಲವನ್ನು ಅಳೆಯುವಲ್ಲಿ ಎರಡರ ಫಲಿತಾಂಶಗಳೂ ಹೊಂದಿಕೆಯಾಗುತ್ತವೆಂದು ತೋರಿಸಿದರು. ಅನೇಕ ದೇಶಗಳ ಆಸ್ಪತ್ರೆಗಳ ವ್ಯಾಯಾಮ ವಿಭಾಗಗಳು ಇದನ್ನು ತರಿಸಿಕೊಂಡವು. ಮುದುಕರ ಪಾಲಿಗೆ ಬೀಳುವುದೆಂದರೆ ಸೊಂಟದ ಮೂಳೆ ಮುರಿಯುವುದು, ಹಾಸಿಗೆ ಹಿಡಿಯುವುದು. ಆದ್ದರಿಂದ ಸಮತೋಲದ ಅಭ್ಯಾಸವು ಅವರಿಗೆ ಔಷಧಿಯಷ್ಟೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರತಂದ ಸೂಚನೆಗಳಲ್ಲಿ 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲ ಮತ್ತು ಬಲವರ್ಧನೆಯ ಅಭ್ಯಾಸ ಮಾಡಬೇಕೆಂದಿದೆ. ಆದರೆ ಹಲಗೆಯಿಂದಲೇ ಬಿದ್ದು ಪಾದದ ಮೂಳೆ ಮುರಿದುಕೊಂಡ 14 ವರ್ಷದ ಹುಡುಗಿಯೊಬ್ಬಳ ವರದಿಯೂ 2010ರಲ್ಲಿ ಬಂದಿದೆ. ಹದಿನಾಲ್ಕರ ಮೂಳೆಗೇ ಹೀಗಾದರೆ ಎಪ್ಪತ್ತರ ಮೂಳೆಯ ಮಾತೇನು?

ಪಾರ್ಶ್ವವಾಯು ಪೀಡಿತರಿಗೆ ಈ ಆಟಗಳಿಂದ ಕೈಯ ಶಕ್ತಿ ಮರಳೀತೆಂಬ ಆಸೆ ಬಹಳ ಕಾಲವಿತ್ತು. 22 ರೋಗಿಗಳ ಮೇಲಿನ ಸಣ್ಣ ಪ್ರಯೋಗವೊಂದು 2010ರಲ್ಲಿ ಆಶಾದಾಯಕವಾಗಿಯೇ ಕಂಡಿತು. ಬಳಿಕ ಕೆನಡಾ, ಅರ್ಜೆಂಟೀನಾ, ಪೆರು, ಥಾಯ್ಲೆಂಡ್ ದೇಶಗಳ ಆಸ್ಪತ್ರೆಗಳಲ್ಲಿ 141 ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಎಂದಿನ ಚಿಕಿತ್ಸೆಯ ಜೊತೆಗೆ ಒಂದು ಗುಂಪಿಗೆ ವೀ ಆಟಗಳನ್ನೂ ಇನ್ನೊಂದಕ್ಕೆ ಇಸ್ಪೀಟು, ಡಾಮಿನೋಸ್ ಮುಂತಾದ ಸಾದಾ ಆಟಗಳನ್ನೂ ಎರಡು ವಾರ ಆಡಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶ: ಎರಡೂ ಗುಂಪುಗಳು ಸುಧಾರಿಸಿದವು, ಒಂದಕ್ಕಿಂತ ಇನ್ನೊಂದು ಮೇಲೆನಿಸಲಿಲ್ಲ. ಇದನ್ನು ಓದಿದಾಗ ನನಗೆ ನಿರಾಶೆಗಿಂತ ಸಮಾಧಾನವೇ ಹೆಚ್ಚಾಯಿತು. ಯಂತ್ರ ಕೊಳ್ಳಲಾಗದ ಮನೆಯಲ್ಲಿ ಚೌಕಾಬಾರದ ಕವಡೆಗಳನ್ನು ಹಿಡಿದು ಎಸೆಯುವುದು, ಅಳಗುಳಿಮಣೆಯ ಗುಳಿಗಳಿಗೆ ಹುಣಿಸೆಬೀಜ ಒಂದೊಂದಾಗಿ ಬಿಡುವುದು ಇವೂ ಬೆರಳುಗಳ ಅಭ್ಯಾಸವೇ. ಎದುರಿಗೆ ಕುಳಿತು ಆಡುವವರು ಬೇಕು, ಅಷ್ಟೆ. ಮಹಾನಗರದಲ್ಲಿ ಅದೇ ದುಬಾರಿ.

ವೀ ಯಂತ್ರದ ಕಾಲ ಮುಗಿದು ವರ್ಷಗಳಾದವು. 2013ರಲ್ಲಿ ಜಪಾನಿನಲ್ಲಿ ಅದರ ತಯಾರಿಕೆ ನಿಂತಿತು. ಅದರ ಹಾದಿಯಲ್ಲಿ ಬಂದ ಮೈಕ್ರೋಸಾಫ್ಟ್ ಸಂಸ್ಥೆಯ ‘ಕಿನೆಕ್ಟ್’ 2010ರಲ್ಲಿ ಹಿಡಿಕೆಯನ್ನೇ ಕೈಬಿಟ್ಟು, ಕ್ಯಾಮರಾದ ಕಣ್ಣಿನಿಂದ ಇಡೀ ದೇಹವನ್ನು ನೋಡಿತು. ಮಲಗಿ ಮೋಸ ಮಾಡಲು ಅದು ಬಿಡುತ್ತಿರಲಿಲ್ಲ. ಆದರೆ ಒಬ್ಬನು ಆಡಲು ಅದಕ್ಕೆ ಸುಮಾರು ಆರು ಅಡಿ, ಇಬ್ಬರಾದರೆ ಎಂಟು ಅಡಿ ಹಿಂದೆ ಸರಿದು ನಿಲ್ಲಬೇಕು. ಮುಂಬಯಿಯ ಎಷ್ಟೋ ಹಜಾರಗಳಲ್ಲಿ ಅಷ್ಟು ಹಿಂದೆ ಸರಿದರೆ ನೆರೆಯವರ ಮನೆ! ಅದೂ 2017ರಲ್ಲಿ ನಿಂತುಹೋಯಿತು. ನಿಂಟೆಂಡೊದ ‘ಸ್ವಿಚ್’ ಯಂತ್ರಕ್ಕಾಗಿ 2019ರಲ್ಲಿ ಬಂದ ‘ರಿಂಗ್ ಫಿಟ್ ಅಡ್ವೆಂಚರ್’ ಎಂಬ ಆಟದಲ್ಲಿ ತೊಡೆಗೆ ಒಂದು ಪಟ್ಟಿ ಕಟ್ಟಿ, ಕೈಯಲ್ಲಿ ಅದುಮಿದರೆ ಎದುರು ಒತ್ತುವ ಬಳೆಯೊಂದನ್ನು ಹಿಡಿಯಬೇಕು. ನಿಂತಲ್ಲೇ ಓಡದೆ ಮುಂದೆ ಹೋಗುವಂತಿಲ್ಲ. ಹೆಗಲಿಗೆ ಬೇಕಾದ ಎದುರೊತ್ತಡವನ್ನು ಅದು ಒದಗಿಸಿದೆ.

ಇಂದಿಗೂ ಹಳೆಯ ವೀ ಯಂತ್ರವನ್ನು ಅಟ್ಟದಿಂದ ಇಳಿಸುವವರು, ಅಥವಾ ಹೊಸ ಬಗೆಯದನ್ನು ತರಿಸುವವರು ನಮ್ಮಲ್ಲಿದ್ದಾರೆಂದು ಬಲ್ಲೆ. ಅವರಿಗೆ ಕೆಲವು ಮಾತು. ಮಕ್ಕಳ ವಿಷಯದಲ್ಲಿ ಇದನ್ನು ಕುಳಿತಾಡುವ ಆಟಕ್ಕೆ ಬದಲಾಗಿ ಕೊಡಿ, ಬಯಲಿಗೆ ಬದಲಾಗಿ ಕೊಡಬೇಡಿ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕೆಂಬ ಲೆಕ್ಕವನ್ನು ಬಯಲಿನಲ್ಲೋ ಮೆಟ್ಟಿಲಿನಲ್ಲೋ ಕಟ್ಟಡದ ಗಚ್ಚಿನ ಮೇಲೋ ತುಂಬಿಸಬೇಕು. ಹುಡುಗನ ಜೊತೆಗೆ ನೀವೂ ನಿಂತು ಆಡಿದರೆ ಅವನು ಮಲಗಿ ಆಡುವುದು ಕಷ್ಟ. ಗಂಟೆಗೊಮ್ಮೆ ಹತ್ತು ಹದಿನೈದು ನಿಮಿಷ ನಿಲ್ಲಿಸಬೇಕೆಂದು ನಿರ್ಮಾಪಕರೇ ಬರೆದಿದ್ದಾರೆ. ಹೆಗಲಿಗಾದರೆ ಅರ್ಧ ಗಂಟೆಗೇ ನಿಲ್ಲಿಸುವುದು ಲೇಸು. ಮಿನುಗುವ ಬೆಳಕಿನಿಂದ ಕೆಲವರಿಗೆ ಮೂರ್ಛೆ ಬರುವುದುಂಟಾದ್ದರಿಂದ ಅಪಸ್ಮಾರದ ಇತಿಹಾಸವಿದ್ದವರು ವೈದ್ಯರನ್ನು ಕೇಳದೆ ಆಡಬಾರದು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡ ಹಿರಿಯರು ನಿಸ್ತಂತು ಹಿಡಿಕೆಯನ್ನು ಎದೆಯಿಂದ ಒಂಬತ್ತು ಅಂಗುಲವಾದರೂ ದೂರವಿಡಬೇಕೆಂಬ ಎಚ್ಚರಿಕೆಯೂ ಅದರ ಕೈಪಿಡಿಯಲ್ಲಿದೆ.

ವೃದ್ಧರನ್ನು ಆ ಹಲಗೆಯ ಮೇಲೆ ಒಬ್ಬರನ್ನೇ ನಿಲ್ಲಿಸಬೇಡಿ. ನೆಲದ ಮೇಲೆ ಒಂದು ಕಾಲಿನ ಮೇಲೆ ಐದಾರು ಸೆಕೆಂಡು ನಿಲ್ಲಬಲ್ಲರೇ ಎಂದು ಮೊದಲು ನೋಡಿ. ಆಗದಿದ್ದರೆ ಹಲಗೆ ಬೇಡ, ಬೋಲಿಂಗ್ ಸಾಕು. ನಿಲ್ಲಬಲ್ಲವರಿಗೆ ಮುಂದುಗಡೆ ಒಂದು ಭಾರವಾದ ಕುರ್ಚಿಯನ್ನು, ಅದರ ಬೆನ್ನು ಇವರ ಕೈಗೆ ಸಿಗುವಂತೆ, ಇರಿಸಿ. ಸೀರೆಯ ನೆರಿಗೆಯನ್ನು ಎತ್ತಿ ಕಟ್ಟಲಿ, ಕಾಲಿನಲ್ಲಿ ಕಾಲುಚೀಲ ಬೇಡ, ನೆಲದ ಚಾಪೆಯನ್ನು ತೆಗೆದುಬಿಡಿ. ಮನೆಯವರೊಬ್ಬರು ಹಿಂದೆ ನಿಂತಿರಲಿ, ಪರದೆಯ ಕಡೆಗೆ ನೋಡದೆ ಅವರ ಕಡೆಗೆ ನೋಡುತ್ತ.